ಪೇಟಿ ಖೋಲಿಯ ಗಡಿಯಾರ

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು, "ನಿಮ್ಮಲ್ಲೆ ಹೆಂಗ ನಡದೈತ್ರೀ?" ಎಂದು ಕೇಳಿಯೇ ಒಳಗೆ ಕಾಲಿಡಬೇಕು. ಕೇಳುವುದು ಗೋಡೆಯ ಗಡಿಯಾರದ ಬಗ್ಗೆ. ನಮ್ಮಲ್ಲಿ ಒಂದು ಖೋಲಿಯ ಹೊತ್ತು ಆ ಖೋಲಿಯ ಗಡಿಯಾರ ನಡೆದ ಹಾಗೆ ನಡೆಯುತ್ತದೆ. ಅದು ಓಡಿದರೆ ಒಳಗಿಟ್ಟ ಹಾಲು ಬೇಗ ಹೆಪ್ಪಾಗುತ್ತದೆ, ಒಳಗಿದ್ದವರ ಉಗುರು ಬೇಗ ಬೆಳೆಯುತ್ತದೆ. ಅದು ತೆವಳಿದರೆ ಮುಂಜಾನೆ ಒಳಗಿಟ್ಟ ಚಹಾವನ್ನು ಸಂಜೆ ಬಂದು ಊದಿಕೊಂಡು ಕುಡಿಯಬಹುದು. ಇದರಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಸೊಪ್ಪು ಮಾರುವವರು ತೆವಳುವ ಗಡಿಯಾರ ತೂಗುಹಾಕುತ್ತಾರೆ, ಉಪ್ಪಿನಕಾಯಿ ಹಾಕುವವರು ಓಡುವುದನ್ನು. ಮದುವೆಗಳಲ್ಲಿ ಹಿರಿಯರ ಭಾಷಣ ಕೇಳುವವರನ್ನು ಓಡುವ ಗಡಿಯಾರದ ಕೆಳಗೆ ಕೂರಿಸುತ್ತೇವೆ. ಕೇಳುವವರ ಪಾಡು ಕೇಳುವವರಿಗೆ, ಹೊರಗಿನ ಊಟವಂತೂ ಆರುವುದಿಲ್ಲ. ನಮ್ಮ ಪುರಸಭೆಯ ಗಡಿಯಾರ ಎಷ್ಟು ನಿಧಾನ ಎಂದರೆ, ಹೋದ ಮಳೆಗಾಲದಲ್ಲಿ ಕೊಟ್ಟ ಅರ್ಜಿಯ ಬಗ್ಗೆ ವಿಚಾರಿಸಿದರೆ ಗುಮಾಸ್ತ ತಲೆ ಎತ್ತಿ, ಅದು ಈಗಷ್ಟೇ ಬಂದಿದೆ ಎನ್ನುತ್ತಾನೆ. ಪಾಪ, ಅವನು ಹೇಳುವುದು ನಿಜ.

ನನ್ನ ಹೆಸರು ಗದಿಗೆಪ್ಪ. ಪೇಟಿ ರಿಪೇರಿ ನನ್ನ ಕಸುಬು. ಹೊರಗಿನವರು ಹಾರ್ಮೋನಿಯಂ ಎನ್ನುವುದನ್ನು ನಾವು ಪೇಟಿ ಎನ್ನುತ್ತೇವೆ. ಸಂತೆಕಟ್ಟೆಯ ಉದ್ದನೆಯ ಪಡಸಾಲೆಯಲ್ಲಿ ಚಪ್ಪಲಿ ಹೊಲಿಯುವವರು, ಛತ್ರಿ ರಿಪೇರಿಯವರು, ನಾನು, ಎಲ್ಲರೂ ಸಾಲಾಗಿ ಕೂರುತ್ತಿದ್ದೆವು. ಎಲ್ಲರಿಗೂ ಸೇರಿ ಒಂದೇ ಗಡಿಯಾರ, ಪಂಚರು ಕೂತು ಆರಿಸಿದ್ದು. ಓಡುವುದು ಬೇಡ, ತೆವಳುವುದೂ ಬೇಡ ಎಂದು ಅವರು ಬೀದಿಯ ಹೊತ್ತಿಗೇ ಸರಿಯಾಗಿ ನಡೆಯುವ ಒಂದನ್ನು ತಂದಿದ್ದರು. ಆ ಹೊತ್ತಿನಲ್ಲಿ ನನ್ನ ಕೈ ಸಾಗುತ್ತಿರಲಿಲ್ಲ. ನಾನು ನಿಧಾನಿ. ಒಂದು ಸ್ವರದ ಹಿತ್ತಾಳೆ ಪಟ್ಟಿ ಕೂರಿಸಿ, ಕಣ್ಣು ಮುಚ್ಚಿ ಕೇಳಿ, ತೃಪ್ತಿಯಾಗದೆ ಮತ್ತೆ ಬಿಚ್ಚುವವನು. ಭಜನಾ ಮಂಡಳಿಯವರು ತಮ್ಮ ಪೇಟಿಗಾಗಿ ಕಾದು ಕಾದು, ಕಡೆಗೆ ಸಪ್ತಾಹವನ್ನೆಲ್ಲ ಬರೀ ಚಪ್ಪಾಳೆಯಲ್ಲಿ ಮುಗಿಸಿದರು. ದೇವರೇನೂ ಬೇಜಾರು ಮಾಡಿಕೊಂಡ ಹಾಗಿರಲಿಲ್ಲ, ಮಂಡಳಿಯವರು ಮಾತ್ರ ನನ್ನ ಮಾನವನ್ನು ಊರ ತುಂಬ ಹರಾಜು ಹಾಕಿದರು.

ಆಗಲೇ ನಾನು ಕೆಲಸವನ್ನು ಮನೆಯ ಮುಂದಿನ ಖೋಲಿಗೆ ತರಬೇಕೆಂದು ನಿಶ್ಚಯಿಸಿದ್ದು. ಸ್ವಂತ ಖೋಲಿ ಎಂದರೆ ಸ್ವಂತ ಗಡಿಯಾರ. ಹೆಂಡತಿ ನೀಲವ್ವನಿಗೆ ಹೇಳಿದ ಕಾರಣ ಬೇರೆ. ಮನೆಯಲ್ಲಿ ನಾವಿಬ್ಬರೇ ಇರುವವರು, ಹಗಲೆಲ್ಲ ನೀನೊಬ್ಬಳೇ ಇರುತ್ತೀ, ನಾನಾದರೂ ಕಣ್ಣೆದುರು ಇರುತ್ತೇನೆ ಎಂದೆ. ಆಕೆ ಅದನ್ನು ಪೂರ್ತಿಯಾಗಿ ನಂಬಿದಳು. ಜೋಳದ ಚೀಲಗಳನ್ನು ತಾನೇ ಎಳೆದು ಹಿತ್ತಲಿಗೆ ಹಾಕಿದಳು, ಗೋಡೆಗೆ ಸುಣ್ಣ ಬಳಿದಳು, ಕಿಟಕಿಗೆ ತನ್ನ ಹಳೆಯ ಸೀರೆಯ ಪರದೆ ಕಟ್ಟಿದಳು. ಗಂಡ ಕಣ್ಣೆದುರು ಕೂರುತ್ತಾನೆ ಎನ್ನುವುದಕ್ಕೆ ಇಷ್ಟು ಖುಷಿಪಡುವಂಥ ಗಂಡನೇನೂ ನಾನಲ್ಲ ಎಂದು ಆಗಲೇ ಅನಿಸಿತ್ತು.

ಗಡಿಯಾರಕ್ಕೆಂದು ಮಕ್ತುಮಸಾಬರ ಅಂಗಡಿಗೆ ಹೋದೆ. ಊರಿನ ಅರ್ಧ ಗೋಡೆಗಳ ಗಡಿಯಾರ ಅವರ ಕೈಯಿಂದಲೇ ಹೋದವು. ಅವರ ಅಂಗಡಿಯಲ್ಲಿ ಎಲ್ಲ ಗಡಿಯಾರಗಳ ಲೋಲಕಕ್ಕೂ ದಾರ ಬಿಗಿದಿರುತ್ತದೆ, ಒಂದನ್ನು ಬಿಟ್ಟು. ಎಲ್ಲವೂ ಒಮ್ಮೆಗೇ ನಡೆದರೆ ಯಾವುದರ ಮಾತು ಕೇಳಬೇಕೆಂದು ಖೋಲಿಗೇ ತಿಳಿಯುವುದಿಲ್ಲ. ಸಾಹೇಬರು ಒಂದೊಂದನ್ನೇ ತೋರಿಸಿದರು. ನವಿಲಿನ ಚಿತ್ರದ್ದು ಹೊಸ ಜೋಡಿಗಳ ಮಲಗುವ ಖೋಲಿಗೆ, ಒಂದು ರಾತ್ರಿಯಲ್ಲಿ ಎರಡು ರಾತ್ರಿ ಕೊಡುತ್ತದೆ. ಕರಿ ಮರದ ಚೌಕಟ್ಟಿನದು ಬೀಗರು ಬಂದಾಗ ಕೂರಿಸುವ ಖೋಲಿಗೆ, ಅವರು ಬೇಗ ಎದ್ದು ಹೊರಡುತ್ತಾರೆ. ನಾನು ಎಲ್ಲಕ್ಕೂ ಬೇಡ ಎಂದೆ. ಊರಿನಲ್ಲಿ ಯಾರ ಗೋಡೆಯ ಮೇಲೂ ಇಲ್ಲದಷ್ಟು ಜೋರಾಗಿ ಓಡುವುದು ಬೇಕು, ಗಿರಾಕಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಎದ್ದರೆ ಪೇಟಿ ಸಿದ್ಧವಿರಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಜೋರ ಓಡೋ ಗಡಿಯಾರ ಉಪ್ಪಿನಕಾಯಿಗೆ ಚಲೋ, ಗದಿಗೆಪ್ಪಣ್ಣಾರ. ಉಪ್ಪಿನಕಾಯಿ ಮಾಗಿದ್ರ ಯಾರರ ತಿಂತಾರ. ನೀವು ಮಾಗಿ ಏನ ಮಾಡವ್ರು?"

ಅಂಥದ್ದನ್ನು ತಾವು ಮಾರುವುದಿಲ್ಲ ಎಂದೂ, ಬೇಕಿದ್ದರೆ ನಾನೇ ಮಾಡಿಕೊಳ್ಳಬಹುದು ಎಂದೂ ಹೇಳಿ, ಒಂದು ಹಳೆಯ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಲೋಲಕ ಉದ್ದವಿದ್ದರೆ ನಿಧಾನ, ಗಿಡ್ಡ ಮಾಡಿದಷ್ಟೂ ಓಟ. ಅದಕ್ಕಿಂತ ಹೆಚ್ಚು ತಿಳಿಯುವುದೇನೂ ಅದರಲ್ಲಿರಲಿಲ್ಲ. ನಾನು ಅದಕ್ಕೊಂದು ಮೈ ಕಟ್ಟಿದೆ. ನಾಟಕದ ಕಂಪನಿಯವರು ಬಿಟ್ಟುಹೋದ ಒಂದು ಮುರುಕು ಪೇಟಿಯ ತೇಗದ ಹಲಗೆಗಳೇ ಚೌಕಟ್ಟಾದವು. ಅದರ ಬೆರಳಿಟ್ಟು ಒತ್ತುವ ಬಿಳಿ ಮನೆಗಳನ್ನು ಕೊಯ್ದು ಅಂಕಿಗಳ ಜಾಗದಲ್ಲಿ ಅಂಟಿಸಿದೆ, ಕರಿ ಮನೆಗಳಿಂದ ಮುಳ್ಳುಗಳನ್ನು ಮಾಡಿದೆ. ಒಳಗೆ ಗಾಳಿ ಊದುವ ಒಂದು ಪುಟ್ಟ ತಿದಿ ಇಟ್ಟೆ. ಗಂಟೆಯಾದಾಗ ಅದು ಢಣ್ ಎನ್ನುವ ಬದಲು ಷಡ್ಜ ಹಿಡಿದು ಉಸಿರು ಬಿಡುತ್ತಿತ್ತು. ಲೋಲಕವನ್ನು ಮಾತ್ರ ಕತ್ತರಿಸುತ್ತ ಕತ್ತರಿಸುತ್ತ ಹೆಬ್ಬೆರಳಿನಷ್ಟಕ್ಕೆ ತಂದೆ. ಅದು ತೂಗಾಡುವುದನ್ನು ನೋಡಿದರೆ ಚಳಿಗೆ ನಡುಗುವ ನಾಯಿಬಾಲ ನೆನಪಾಗುತ್ತಿತ್ತು. ಇಂಥ ಗಡಿಯಾರ ಈ ಊರಿನಲ್ಲಿ ಇನ್ನೊಂದಿಲ್ಲ ಎಂದು ನೀಲವ್ವನನ್ನು ಕರೆದು ತೋರಿಸಿದೆ. ಚೆನ್ನಾಗಿದೆ ಎಂದಳು. ಯಾಕೆ ಅಷ್ಟು ಗಡಿಬಿಡಿ ಮಾಡುತ್ತಿದೆ ಎಂದೂ ಕೇಳಿದಳು.

ಮಂಡಳಿಯವರು ಸಿಟ್ಟಿನಿಂದ ಹೊತ್ತೊಯ್ದಿದ್ದ ಪೇಟಿಯೇ ಮೊದಲು ಮರಳಿ ಬಂದದ್ದು. ಹೊತ್ತು ತಂದವನು ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡು, ನೀಲವ್ವ ಕೊಟ್ಟ ಮಜ್ಜಿಗೆ ಕುಡಿದು, ಬೀದಿಯಲ್ಲಿ ಹೋಗುವವರ ಜೊತೆ ನಾಲ್ಕು ಮಾತಾಡುವುದರೊಳಗೆ ನಾನು ಒಳಗೆ ಸ್ವರಗಳನ್ನೆಲ್ಲ ಬಿಚ್ಚಿ, ಉಜ್ಜಿ, ಕೇಳಿ, ತೃಪ್ತಿಯಾಗದೆ ಮತ್ತೆ ಬಿಚ್ಚಿ, ತಿದಿಯ ಚರ್ಮ ಬದಲಿಸಿ, ಅಂಟು ಒಣಗಿಸಿ ಹೊರಗೆ ತಂದಿಟ್ಟೆ. ಅವನ ಲೋಟದಲ್ಲಿ ಇನ್ನೂ ಮಜ್ಜಿಗೆ ಇತ್ತು. ಆ ಸುದ್ದಿ ಊರು ಸುತ್ತಿತು. ನಿನ್ನೆಯವರೆಗೆ ನನ್ನ ಹೆಸರು ತೆಗೆದರೆ ಉಗಿಯುತ್ತಿದ್ದವರು ಈಗ ಗದಿಗೆಪ್ಪ ಎಂದರೆ ಕೈಚಳಕ ಎನ್ನತೊಡಗಿದರು. ನನ್ನ ಕೈ ಮೊದಲಿನಷ್ಟೇ ನಿಧಾನವಾಗಿತ್ತು. ಹೊಗಳಿಕೆ ಬಂದಾಗ ಅದನ್ನೆಲ್ಲ ಬಿಡಿಸಿ ಹೇಳುತ್ತ ಕೂರಲು ನನಗೇನು ಹುಚ್ಚೇ?

ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಹೊಟ್ಟೆಯೊಂದನ್ನು ಬಿಟ್ಟು. ನೀಲವ್ವ ಮುಂಜಾನೆಯ ರೊಟ್ಟಿ ಬಡಿಸಿ, ಪಾತ್ರೆ ತೊಳೆದು ಮಗುಚುವಷ್ಟರಲ್ಲಿ ನನಗೆ ಮಧ್ಯಾಹ್ನದ ಹಸಿವು. ಒಳಗಿನಿಂದ ಕೂಗಿದರೆ ಆಕೆಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತಿತ್ತಂತೆ. ಅದಕ್ಕೆ ಹೊಸ್ತಿಲಾಚೆ ತಲೆ ಹಾಕಿ ಕೇಳಬೇಕು. "ಈಗರ ಉಂಡ್ರಲ್ರೀ?" ಎಂದು ಆಕೆ ಕಣ್ಣರಳಿಸುವಳು. ಆ ಊಟ ಮುಗಿಸಿ ನಾನು ಒಳಗೆ ಹೋದರೆ, ಆಕೆ ತಾನು ಎರಡು ತುತ್ತು ಉಣ್ಣುವುದರೊಳಗೆ ನಾನು ರಾತ್ರಿಯ ಊಟಕ್ಕೆ ಹಾಜರು. ಕ್ಷೌರಿಕ ನನ್ನ ಗಡ್ಡ ಕಂಡು ಮೊದಮೊದಲು ಹಿಗ್ಗಿದ, ಆಮೇಲೆ ನನ್ನನ್ನು ಕಂಡರೆ ಬಾಗಿಲು ಮುಚ್ಚುವಂತಾದ. ನೀಲವ್ವ ಒಲೆಯ ಮುಂದಿನಿಂದ ಏಳುವ ಹಾಗೇ ಇರಲಿಲ್ಲ. ಕಣ್ಣೆದುರು ಇರುತ್ತೇನೆ ಎಂದಿದ್ದೆನಲ್ಲ, ಇದ್ದೆ, ಕೈಯಲ್ಲಿ ತಟ್ಟೆ ಹಿಡಿದುಕೊಂಡು.

ಒಂದು ದಿನ ಆಕೆ ಒಲೆಯ ಮೇಲೆ ಬೇಳೆ ಇಟ್ಟು, ನನ್ನ ಊಟವನ್ನು ಖೋಲಿಗೇ ತಂದಳು. ನಾನು ಉಣ್ಣುವವರೆಗೆ ಗೋಡೆಗೆ ಒರಗಿ ಕೂತಳು. ಕೂತವಳು ಹಾಗೆಯೇ ನಿದ್ದೆ ಹೋದಳು. ಎಬ್ಬಿಸಲು ಮನಸ್ಸಾಗದೆ ನಾನು ಸದ್ದು ಮಾಡದ ಕೆಲಸಗಳನ್ನೆಲ್ಲ ಹುಡುಕಿ ಮಾಡಿದೆ. ಎಚ್ಚರವಾದಾಗ ಗಾಬರಿಯಿಂದ ಅಡುಗೆಮನೆಗೆ ಓಡಿದಳು. ಬೇಳೆ ಇನ್ನೂ ಕುದಿಗೇ ಬಂದಿರಲಿಲ್ಲ. ಬಾಗಿಲಲ್ಲಿ ಸೌಟು ಹಿಡಿದು ನಿಂತು ಗಡಿಯಾರವನ್ನೇ ನೋಡಿದಳು. ಮದುವೆಯಾದಾಗಿನಿಂದ ಆಕೆ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂದಿನಿಂದ ಒಲೆಯ ಮೇಲೆ ಏನಾದರೂ ಇಟ್ಟು ಒಳಗೆ ಬರುವುದು ಆಕೆಯ ರೂಢಿಯಾಯಿತು. ಬೇಳೆ ಬೇಯಲು ಇಟ್ಟರೆ ನಮಗೊಂದು ಇಡೀ ಮಧ್ಯಾಹ್ನ. ಅನ್ನಕ್ಕೆ ಎಸರು ಇಟ್ಟರೆ ಒಂದು ನಿದ್ದೆ, ಎದ್ದಮೇಲೆ ಒಂದಿಷ್ಟು ಮಾತು. ಆಕೆಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯ ಒಬ್ಬೊಬ್ಬರ ನಡಿಗೆ, ಕೆಮ್ಮು, ಸುಳ್ಳು, ಎಲ್ಲವನ್ನೂ ಮಾಡಿ ತೋರಿಸುವಳು. ನನ್ನದನ್ನೂ ಮಾಡಿದಳು, ಕಣ್ಣು ಮುಚ್ಚಿ ತಲೆ ಓರೆ ಮಾಡಿ ಸ್ವರ ಕೇಳುವ ಭಂಗಿ. ಅದನ್ನು ಕಂಡ ಮೇಲೆ ಸ್ವಲ್ಪ ದಿನ ನನಗೆ ಕಣ್ಣು ಮುಚ್ಚಲು ನಾಚಿಕೆಯಾಗುತ್ತಿತ್ತು. ಪೇಟಿಗೆ ಗಾಳಿ ಹಾಕಲು ಕಲಿತಳು, ನನ್ನ ಕಿವಿಗೆ ತಪ್ಪಿದ ಅಪಸ್ವರವನ್ನು ಹಿಡಿದು ಹೇಳಿದಳು. ನಮ್ಮಿಬ್ಬರಿಗೂ ಹೇಳಲು ಇನ್ನೇನೂ ಉಳಿಯದಿದ್ದಾಗ ಸುಮ್ಮನೆ ಕೂತು ಕಿಟಕಿಯ ಪರದೆ ಗಾಳಿಗೆ ಎಷ್ಟು ನಿಧಾನ ಮೇಲೇಳುತ್ತದೆ ಎಂದು ನೋಡುತ್ತಿದ್ದೆವು. ನಾನು ಸುಖವಾಗಿದ್ದೆ. ಹೀಗೆ ಹೇಳಿಕೊಳ್ಳಲು ನನ್ನ ವಯಸ್ಸಿನವರಿಗೆ ಸಂಕೋಚ, ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ನೀಲವ್ವನ ತಂಗಿ ಮಲ್ಲವ್ವನನ್ನು ದೂರದ ಊರಿಗೆ ಕೊಟ್ಟಿದೆ. ಅಲ್ಲಿಯ ಗಡಿಯಾರಗಳು ತೀರ ಕೆಳದರ್ಜೆಯವು, ಬರೀ ಎಷ್ಟು ಗಂಟೆಯಾಯಿತು ಎಂದು ತೋರಿಸುತ್ತವಂತೆ, ಅಷ್ಟೇ. ಆಕೆ ಬಹಳ ದಿನಗಳ ಮೇಲೆ ಅಕ್ಕನನ್ನು ನೋಡಲು ಬಂದಳು. ನಾವಿಬ್ಬರೂ ಮನೆಯ ಮುಂದೆಯೇ ಇದ್ದೆವು. ನಾನು ಬೆನ್ನು ಮಾಡಿ ಚರ್ಮ ಒಣಹಾಕುತ್ತಿದ್ದೆ, ನೀಲವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಲ್ಲವ್ವ ಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅಕ್ಕನ ಮುಂದೆಯೇ ನಿಂತು ಕೇಳಿದಳು.

"ಅವ್ವಾರ, ನಮ್ಮ ಅಕ್ಕ ನೀಲವ್ವ ಒಳಗದಾಳೇನ್ರೀ?"

ನೀಲವ್ವ ಜೋರಾಗಿ ನಕ್ಕಳು. ಆ ನಗೆಯಿಂದ ಗುರುತು ಹತ್ತಿ ಮಲ್ಲವ್ವ ಅಕ್ಕನ ಗಲ್ಲ ಮುಟ್ಟಿ ಮುಟ್ಟಿ ಅತ್ತಳು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ದಿನಾ ನೋಡುತ್ತಿದ್ದ ಮುಖವನ್ನು ಅಂದು ಮಲ್ಲವ್ವನ ಕಣ್ಣಿನಿಂದ ನೋಡಿದೆ. ಕೂದಲು ಬೆಳ್ಳಗಾಗಿತ್ತು, ಕುತ್ತಿಗೆ ಸಡಿಲಾಗಿತ್ತು, ಅಕ್ಕಿ ಆರಿಸುವ ಕೈಯ ಮೇಲೆ ನರ ಎದ್ದಿದ್ದವು. ನನ್ನ ಮುಪ್ಪಿಗೆ ನಾನು ಹೊಣೆ. ಊರಿನವರ ಬಾಯಲ್ಲಿ ಕೈಚಳಕದವನು ಅನ್ನಿಸಿಕೊಳ್ಳುವ ಚಪಲಕ್ಕೆ ಆಕೆಯ ವರ್ಷಗಳನ್ನೂ ಸುರಿದುಬಿಟ್ಟಿದ್ದೆ. ಹೀಗೆಯೇ ನಡೆದರೆ ಮಲ್ಲವ್ವ ಮುಂದಿನ ಸಲ ಬಂದಾಗ ಕೇಳಲು ಅಕ್ಕನೇ ಇರುವುದಿಲ್ಲ ಎನಿಸಿತು.

ಮಲ್ಲವ್ವ ಊರಿಗೆ ಹೋದ ಮರುದಿನವೇ, ನೀಲವ್ವ ನೀರಿಗೆ ಹೋದ ಹೊತ್ತು ನೋಡಿ, ನಾನು ಗಡಿಯಾರ ಇಳಿಸಿ ಮಕ್ತುಮಸಾಬರ ಅಂಗಡಿಗೆ ಒಯ್ದೆ. ಅದನ್ನು ಇಟ್ಟುಕೊಂಡು, ಬೀದಿಯ ಹೊತ್ತಿಗೆ ನಡೆಯುವ ಒಂದು ಸಾದಾ ದುಂಡನೆಯದನ್ನು ಕೊಡಿ ಎಂದೆ. ಸಾಹೇಬರು ಏನೂ ಕೇಳದೆ ಕೊಟ್ಟರು. ಅದನ್ನು ತಂದು ಅದೇ ಮೊಳೆಗೆ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ, ಆಕೆಗೆ ಗೊತ್ತಾದಾಗ ಹೊಗಳುತ್ತಾಳೆ ಎಂದೂ ಒಳಗೊಳಗೇ ಬೀಗಿದೆ.

ನೀಲವ್ವ ಎಂದಿನ ಹಾಗೆ ಬೇಳೆ ಇಟ್ಟು ಬಂದಳು. ಹೊಲಿಯಲೆಂದು ತಂದ ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನತ್ತ ತಿರುಗಿ ಕೂತಳು, ಗೋಡೆ ನೋಡಲಿಲ್ಲ. ತಂಗಿಯ ಮಾತು ತೆಗೆದು, ಬಾಗಿಲಲ್ಲಿ ಅವಳು ನಿಂತ ರೀತಿಯನ್ನೇ ಮಾಡಿ ತೋರಿಸಿ ನಗತೊಡಗಿದಳು. ಆಕೆಯ ಕಥೆ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಅಡುಗೆಮನೆಯಿಂದ ಸೀದ ವಾಸನೆ ಬಂತು. ಆಕೆ ಮಾತು ನಿಲ್ಲಿಸಿ ವಾಸನೆ ನೋಡಿದಳು. ಆಮೇಲೆ ಗೋಡೆ ನೋಡಿದಳು. ಸೂಜಿಯನ್ನು ರವಿಕೆಗೆ ಚುಚ್ಚಿ, ಎದ್ದು ಹೋಗಿ, ಕರಕಾದ ಪಾತ್ರೆಯನ್ನು ಹಿತ್ತಲಲ್ಲಿ ಬೋರಲು ಹಾಕಿದಳು.

ಆಮೇಲೆ ಆಕೆ ಖೋಲಿಗೆ ಬರಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ಅಡುಗೆಮನೆಯಲ್ಲಿ. ಉಪ್ಪು ಸಾಕೇ, ಸಾಕು. ಇನ್ನೊಂದು ರೊಟ್ಟಿ, ಬೇಡ. ಊರಿನ ಎಲ್ಲ ಗಂಡಹೆಂಡಿರ ಹಾಗೆ ನಾವೂ ಸುಸೂತ್ರವಾಗಿ ಸಂಸಾರ ಮಾಡತೊಡಗಿದೆವು. ಆಕೆ ನಸುಕಿನಲ್ಲಿ ಏಳುವುದು, ಬೀಸುವುದು, ಬಡಿಯುವುದು, ತೊಳೆಯುವುದು. ನಾನು ಒಳಗೆ ಕೂತು ಸ್ವರ ಬಿಚ್ಚುವುದು. ಕತ್ತಲಾದರೆ ಇಬ್ಬರೂ ದಣಿದು ಬೀಳುವುದು. ಕಟ್ಟೆಯ ಮೇಲೆ ಪೇಟಿಗಳು ಸಾಲುಗಟ್ಟಿದವು, ಗಿರಾಕಿಗಳು ಮತ್ತೆ ಗೊಣಗತೊಡಗಿದರು, ಅವರ ಗೊಣಗಾಟ ನನ್ನ ಕಿವಿಗೂ ಬೀಳುತ್ತಿರಲಿಲ್ಲ. ಮುಂದಿನ ಖೋಲಿಯಿಂದ ಅಡುಗೆಮನೆಗೆ ಹತ್ತು ಹೆಜ್ಜೆಯೂ ಇಲ್ಲ. ಆದರೂ ಸಂತೆಕಟ್ಟೆಯಲ್ಲಿ ಕೂತಿದ್ದಾಗ ಆಕೆ ಇದಕ್ಕಿಂತ ಹತ್ತಿರವಿದ್ದ ಹಾಗಿತ್ತು.

ಒಂದು ಸಂಜೆ ತಡೆಯಲಾರದೆ ಅಡುಗೆಮನೆಗೆ ಹೋಗಿ, ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಾಕೆ ಹಾಗೆ ಮಾಡಿದೆ ಎಂದು ವಿವರಿಸಿದೆ. ನಿನ್ನ ಕೂದಲು ನೋಡು ಎಂದೆ. ತಂಗಿ ಅತ್ತದ್ದು ಮರೆತೆಯಾ ಎಂದೆ. ನೀನು ಹೆಚ್ಚು ದಿನ ಇರಬೇಕೆಂದೇ ಮಾಡಿದ್ದು ಎಂದೆ. ಆಕೆ ರೊಟ್ಟಿ ತಿರುವಿ ಹಾಕಿದಳು, ಬೆಂದ ಮೇಲೆ ಬುಟ್ಟಿಗಿಟ್ಟಳು. ಆಮೇಲೆ ನನ್ನತ್ತ ತಿರುಗಿದಳು.

"ಮುಪ್ಪು ಎಲ್ಲಿದ್ರೂ ಬರತೈತಿ. ಇಲ್ಲಿ ಒಲಿ ಮುಂದ ಬಂದ್ರ ಅದು ಬಂದದ್ದ ನನಗ ಗೊತ್ತಾಗಂಗಿಲ್ಲ. ಲಗ್ನ ಆಗಿ ಇಷ್ಟ ವರ್ಷದಾಗ ನಿಮ್ಮ ಜೋಡಿ ನಾ ಕುಂತದ್ದು ಆ ಖೋಲ್ಯಾಗ ಅಷ್ಟ. ಅದನ್ನ ನನ್ನ ಕೇಳಲಾರದ ಕೊಟ್ಟ ಬಂದ್ರಿ."

ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡು ಮೆಲ್ಲಗೆ ಹೇಳಿದಳು. "ನನ್ನ ವರ್ಷ ಉಳಿಸಿ ಯಾರಿಗೆ ಕೊಡವ್ರು ನೀವು?"

ಬುಟ್ಟಿಯ ರೊಟ್ಟಿ ಆರುವವರೆಗೂ ಹಾಗೆಯೇ ಕೂತಿದ್ದೆ. ಮರುದಿನ ಇಬ್ಬರೂ ಕೂಡಿ ಮಕ್ತುಮಸಾಬರ ಅಂಗಡಿಗೆ ಹೋದೆವು. ಅವರು ಗಡಿಯಾರವನ್ನು ಯಾವಾಗಲೋ ಉಪ್ಪಿನಕಾಯಿಯವರಿಗೆ ಮಾರಿದ್ದರು. ಷಡ್ಜ ಹಿಡಿದಾಗಲೆಲ್ಲ ಭರಣಿಗಳು ಗುಂಯ್ ಎನ್ನುತ್ತವಂತೆ, ಆ ಮನೆಯವರಿಗೆ ಬಹಳ ಇಷ್ಟವಾಗಿದೆಯಂತೆ, ತಿರುಗಿ ಕೊಡುವ ಮಾತೇ ಇಲ್ಲವಂತೆ. ನನ್ನ ಜೀವನದ ಒಂದೇ ಒಂದು ಒಳ್ಳೆಯ ಕೈಗೆಲಸ ನಿಂಬೆಕಾಯಿಗಳ ಮೇಲುಸ್ತುವಾರಿ ನೋಡಿಕೊಳ್ಳುತ್ತಿತ್ತು. ಸಾಹೇಬರು ಇನ್ನೊಂದು ಯಂತ್ರ ಕೊಟ್ಟರು. ಈ ಸಲ ಅದನ್ನು ನನ್ನ ಕೈಗೆ ಕೊಡಲಿಲ್ಲ, ನೀಲವ್ವನ ಕೈಗೆ ಕೊಟ್ಟರು.

ಎರಡನೆಯ ಗಡಿಯಾರವನ್ನೂ ಬೀದಿಯ ಹೊತ್ತಿನಲ್ಲೇ ಕಟ್ಟಬೇಕಾಯಿತು, ಹಾಗಾಗಿ ಬಹಳ ದಿನ ಹಿಡಿಯಿತು. ನಾನು ಹಲಗೆ ಕೊಯ್ದೆ, ಆಕೆ ಉಜ್ಜಿ ಎಣ್ಣೆ ಹಚ್ಚಿದಳು. ಪೇಟಿಯ ಮನೆಗಳು ಸಾಕಾಗದೆ ಅಂಕಿಯ ಜಾಗದಲ್ಲಿ ಆಕೆ ತನ್ನ ಹಳೆಯ ಬಳೆಚೂರುಗಳನ್ನು ಅಂಟಿಸಿದಳು, ಹಸಿರು, ಕೆಂಪು, ಒಂದೆರಡು ಕಪ್ಪು. ಲೋಲಕ ಕತ್ತರಿಸುವ ಹೊತ್ತು ಬಂದಾಗ ನಮಗೆ ಜಗಳವಾಯಿತು. ನಾನು ಹೆಚ್ಚು ಕತ್ತರಿಸುವುದು ಬೇಡ ಎಂದೆ. ಆಕೆ ಮೊದಲಿನಷ್ಟೇ ಇರಲಿ ಎಂದಳು. ಚೌಕಾಸಿ ಮಾಡಿ ಮಾಡಿ ಆಕೆಯ ನಡುಬೆರಳಿನ ಉದ್ದಕ್ಕೆ ನಿಂತೆವು. ಮೊದಲಿನದಕ್ಕಿಂತ ಇದು ತುಸು ಸಾವಧಾನಿ. ಪೂರ್ತಿ ಒಂದು ಮಧ್ಯಾಹ್ನ ಬೇಕೆಂದರೆ ಬೇಳೆ ಸಾಲುವುದಿಲ್ಲ, ಹುರುಳಿಕಾಳು ಇಡಬೇಕು. ನಮ್ಮ ಮನೆಯಲ್ಲಿ ಈಗ ಹುರುಳಿಕಾಳಿನ ಸಾರೇ ಜಾಸ್ತಿ.

ಗಡಿಯಾರ ಮತ್ತೆ ಓಡುತ್ತಿದ್ದರೂ ಪೇಟಿಗಳು ಹೊತ್ತಿಗೆ ಸರಿಯಾಗಿ ಹೊರಬೀಳುತ್ತಿಲ್ಲ. ಕಟ್ಟೆಯ ಮೇಲೆ ಕೂತವರಿಗೆ ಒಳಗಿನಿಂದ ಸೊಳ್ಳೆಗಳ ಹಾಗೆ ನಮ್ಮ ಮಾತು ಕೇಳುತ್ತದೆ, ಅಷ್ಟೇ. ಗದಿಗೆಪ್ಪನ ಕೈಚಳಕ ಹೋಯಿತು ಎಂದು ಅವರು ಮಾತಾಡಿಕೊಳ್ಳುತ್ತಾರೆ. ನಮ್ಮ ಓರಗೆಯವರೆಲ್ಲ ಇನ್ನೂ ಕಪ್ಪು ತಲೆಯಲ್ಲಿ ಓಡಾಡಿಕೊಂಡಿದ್ದಾರೆ. ಅವರಿಗಿಂತ ಬಹಳ ಮೊದಲೇ ನಾವು ಹೊರಡುತ್ತೇವೆ ಎನ್ನುವುದು ನಮಗೆ ಗೊತ್ತು. ಅದನ್ನು ನೆನೆದಾಗ ನನಗೆ ಈಗಲೂ ಭಯವಾಗುತ್ತದೆ, ನೀಲವ್ವನಿಗೂ ಆಗುತ್ತದೆ, ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ. ಓಣಿಯ ಹೆಂಗಸರು ಬಾವಿಕಟ್ಟೆಯಲ್ಲಿ ಸೇರಿದಾಗ, ಪಾಪ, ನೀಲವ್ವನಿಗೆ ಗಂಡನ ಮನೆಯಲ್ಲಿ ಏನು ಕಷ್ಟವೋ, ಇಷ್ಟು ಬೇಗ ಮುದುಕಿಯಾದಳು ಎಂದು ಮರುಗುತ್ತಾರಂತೆ. ಆಕೆ ಬಂದಕೂಡಲೇ ಒಲೆಯ ಮೇಲೆ ಹುರುಳಿ ಇಟ್ಟು, ಖೋಲಿಯ ಬಾಗಿಲು ಎಳೆದುಕೊಂಡು, ಅವರು ಒಬ್ಬೊಬ್ಬರೂ ಹೇಗೆ ಹೇಗೆ ಮರುಗಿದರು ಎಂದು ಮಾಡಿ ತೋರಿಸಲು ಕೂರುತ್ತಾಳೆ. ನನಗೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಳ್ಳುತ್ತದೆ, ಆಕೆ ನಿಲ್ಲಿಸುವುದಿಲ್ಲ. ಹೊರಗೆ ಅವರು ಇನ್ನೂ ಮೊದಲ ಕೊಡವನ್ನೇ ಎಳೆಯುತ್ತಿರುತ್ತಾರೆ.